ಲಬೀಬರನ್ನು ಬಲ್ಲವರು

ರಾಜ್ಯಗಳು ಉರುಳಿದ್ದು, ನದಿಗಳು ದಿಕ್ಕು ಬದಲಿಸಿದ್ದು, ಸುಲ್ತಾನರು ಸುಲ್ತಾನರಿಗೆ ವಿಷ ಹಾಕಿದ್ದು, ಇವೆಲ್ಲ ಇತಿಹಾಸದ ಪುಸ್ತಕಗಳಲ್ಲಿ ದಾಖಲಾಗಿವೆ. ಆದರೆ ನಕ್ಷೆ ಇಲಾಖೆಯ ನಿವೃತ್ತ ನೌಕರ ಲಬೀಬ್ ತವದ್ರೋಸರು ಜನವರಿ ತಿಂಗಳ ಒಂದು ಸಂಜೆ, ಕೈರೋದ ಶುಬ್ರಾ ಪೇಟೆಯ ಒಂದು ಮನೆಯಲ್ಲಿ, ಎರಡನೇ ಲೋಟ ಚಹಾ ಕೆಳಗಿಡುತ್ತ, “ನಮ್ಮ ಕಟ್ಟಡದಲ್ಲಾ? ನನ್ನನ್ನು ಅರಿಯದವರೇ ಇಲ್ಲ!” ಎಂದು ಹೇಳಿದ ಸಂಗತಿ ಯಾವ ಪುಸ್ತಕದಲ್ಲೂ ಇಲ್ಲ. ಇದು ಗಂಭೀರವಾದ ಲೋಪ. ಅದನ್ನು ಇಲ್ಲಿ ಸರಿಪಡಿಸಲಾಗುತ್ತಿದೆ.

ಆ ಮನೆ ಇನ್ಸಾಫ್ ಅತ್ತೆಯದು. ಲಬೀಬರ ಒಬ್ಬಳೇ ಮಗಳು ಇರೀನಿ ಮೆಚ್ಚಿದ ಹುಡುಗ ಬೀಶೋಯ್‌ಗೆ ಅವರು ಸೋದರತ್ತೆ. ತಂದೆತಾಯಿ ಇಲ್ಲದ ಆ ಹುಡುಗನನ್ನು ಸಾಕಿ, ಓದಿಸಿ, ಔಷಧಿ ಅಂಗಡಿ ಹಾಕಿಸಿಕೊಟ್ಟವರು ಅವರೇ. ಆದ್ದರಿಂದ ಅವನ ಮದುವೆಯಲ್ಲಿ ಕೊನೆಯ ಮಾತು ಅವರದು. ಮೊದಲ ಮಾತೂ ಅವರದೇ. ನಡುವಿನ ಮಾತುಗಳನ್ನು ಬೇರೆಯವರು ಆಡಬಹುದಿತ್ತು, ಅವರು ಉಸಿರು ತೆಗೆದುಕೊಳ್ಳುವಾಗ.

“ಹುಡುಗಿ ನೋಡಿದ್ದಾಯ್ತು, ಬಂಗಾರದಂಥಾ ಹುಡುಗಿ,” ಎಂದಿದ್ದರು ಅತ್ತೆ. “ಇನ್ನು ಮನೆತನ ವಿಚಾರಿಸೋದೊಂದು ಬಾಕಿ. ಬೇಜಾರು ಮಾಡ್ಕೋಬೇಡಿ ಉಸ್ತಾಜ್ ಲಬೀಬ್, ನಮ್ಮ ಅಣ್ಣನಿಗೆ ಹೆಣ್ಣು ತರುವಾಗ್ಲೂ ಹೀಗೇ ಮಾಡಿದ್ದು. ಮಾಂಸದಂಗಡಿ, ಇಸ್ತ್ರಿ ಅಂಗಡಿ, ಪಕ್ಕದ ಮನೆ. ಮೂರು ಕಡೆ ಒಂದೇ ಮಾತು ಬಂತು ಅಂದ್ರೆ ಮುಗೀತು. ಆದ್ರೆ ಈ ಹೊಸ ಬಡಾವಣೆಯೋರು ಅಂದ್ರೆ ನನಗೆ ಭಯ. ಅಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ. ನಮ್ಮ ಪೈಕಿಯೋರೊಬ್ಬರು ಅಂಥಾ ಕಡೆಯಿಂದ್ಲೇ ಹುಡುಗಿ ತಂದ್ರು. ಮದುವೆ ಆದ್ಮೇಲೆ ಗೊತ್ತಾಯ್ತು, ಬೀಗರ ಮನೇಲಿ ಮೂರು ನಾಯಿ! ಮಲಗೋ ಕೋಣೇಲಿ!”

ಆಗ ಲಬೀಬರು ಮೇಲೆ ಹೇಳಿದ ಐತಿಹಾಸಿಕ ವಾಕ್ಯವನ್ನು ಉಚ್ಚರಿಸಿದರು. ಇರೀನಿ ಮೇಜಿನ ಕೆಳಗೆ ಅಪ್ಪನ ಕಾಲು ತುಳಿದಳು. ತಡವಾಗಿತ್ತು.

“ಹಾಗಾದ್ರೆ ಸುಲಭ ಆಯ್ತು,” ಎಂದರು ಅತ್ತೆ. “ಈಸ್ಟರ್ ಮುಂಚಿನ ದೊಡ್ಡ ಉಪವಾಸಕ್ಕೆ ಇನ್ನು ಐದು ವಾರ ಇದೆ. ಉಪವಾಸ ಶುರುವಾದ್ರೆ ಐವತ್ತೈದು ದಿನ ಉಂಗುರದ ಮಾತೇ ಎತ್ತೋ ಹಾಗಿಲ್ಲ. ಅಷ್ಟು ದಿನ ಕಾಯೋಕೆ ನನ್ನಿಂದ ಆಗಲ್ಲಪ್ಪ, ಟಾಂಟಾದ ಕಡೆ ಇನ್ನೊಂದು ಹುಡುಗಿ ಇದೆ, ಅವರ ಮನೆ ಇಡೀ ಬೀದಿಗೆ ಗೊತ್ತು. ಅದರೊಳಗೆ ಒಂದಿನ ಬಂದು ವಿಚಾರಿಸ್ತೀನಿ. ಯಾವತ್ತು ಅಂತ ಹೇಳಲ್ಲ.”

ಮನೆಗೆ ಮರಳುವಾಗ ಮೆಟ್ರೋದಲ್ಲಿ ಇರೀನಿ ಬಹಳ ಮೆಲ್ಲಗೆ ಕೇಳಿದಳು.

“ಅಪ್ಪಾ, ನಮ್ಮ ಎದುರುಮನೆಯವರ ಹೆಸರೇನು?”

“ಬಿಳೀ ಕಾರು.”

“ಕಾರು ಕೇಳ್ಲಿಲ್ಲ. ಹೆಸರು.”

“ಬಾಯಲ್ಲೇ ಇದೆ ಕಣೇ… ಗಡ್ಡ ಬಿಟ್ಟಿದ್ದಾರಲ್ಲ, ಅವರು.”

“ಅವರು ಮನೆ ಖಾಲಿ ಮಾಡಿ ಎಂಟು ತಿಂಗಳಾಯ್ತು. ಈಗಿರೋರು ಬೇರೆ.”

ಲಬೀಬರು ಮುಂದಿನ ನಾಲ್ಕು ನಿಲ್ದಾಣಗಳ ಹೆಸರನ್ನು ಶ್ರದ್ಧೆಯಿಂದ ಓದಿದರು.

ದೇಶದ ಯಾವ ಮೂಲೆಯ ಕಾಲುವೆ ಎಲ್ಲಿ ತಿರುಗುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲ ಮನುಷ್ಯ, ಹೊಸ ಬಡಾವಣೆಯ ಹದಿನಾಲ್ಕನೇ ಕಟ್ಟಡದ ಐದನೇ ಅಂತಸ್ತಿನಲ್ಲಿ ನಾಲ್ಕು ವರ್ಷ ಕಳೆದರೂ ಒಬ್ಬರನ್ನೂ ಅರಿತಿರಲಿಲ್ಲ. ಪರಿಚಯದ ಖಾತೆ ಹೆಂಡತಿ ಮಗ್ದಾಳದಾಗಿತ್ತು. ಆಕೆ ಹೊಸ ಮನೆಯ ಬೀಗದಕೈ ಬರುವ ಮೊದಲೇ ತೀರಿಕೊಂಡಿದ್ದಳು. ಲಬೀಬರು ದಿನಾ ಮಾತಾಡಿಸುತ್ತಿದ್ದ ಏಕೈಕ ವ್ಯಕ್ತಿ ಕಟ್ಟಡದ ಕಾವಲುಗಾರ. ಅವನನ್ನು “ಸಯ್ಯದ್” ಎಂದು ಕರೆಯುತ್ತಿದ್ದರು. ಸಯ್ಯದ್ ಎಂಬಾತ ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಈಗಿದ್ದವನು ಬಯ್ಯೂಮಿ.

ದಿಕ್ಕು ಕಾಣದೆ ಲಬೀಬರು ಅಬೂನಾ ಪಖೂಮರ ಬಳಿ ಹೋದರು. ಪಾದ್ರಿಗಳಾದ ಅಬೂನಾಗೆ ತಮ್ಮದೇ ಚಿಂತೆ ಹಾಸಿ ಹೊದೆಯುವಷ್ಟಿತ್ತು. ಅವರ ಚರ್ಚು ನೂರಿಪ್ಪತ್ತು ಮನೆಗೆಂದು ಕಟ್ಟಿದ್ದು, ಈಗ ಮನೆಗಳು ಆರುನೂರಕ್ಕೆ ಏರಿದ್ದವು. ಮೇಲಿನ ಅಂತಸ್ತಿಗೆಂದು ಬಿಟ್ಟ ಕಬ್ಬಿಣದ ಸರಳುಗಳು ಇನ್ನೂ ಆಕಾಶ ನೋಡುತ್ತ ನಿಂತಿದ್ದವು. ಜನಕ್ಕೇನೂ ಕಡಿಮೆಯಿರಲಿಲ್ಲ, ಆದರೆ ಪೂಜೆ ಮುಗಿಯುತ್ತಲೇ ಮೆಟ್ರೋ ಬಾಗಿಲು ತೆರೆದಂತೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ಹೊರಟುಹೋಗುತ್ತಿದ್ದರು. ಪರಸ್ಪರ ಪರಿಚಯವಾಗಲೆಂದು ಅಬೂನಾ ಒಮ್ಮೆ ಸಾಮೂಹಿಕ ಊಟ ಇಟ್ಟರು. ಹನ್ನೊಂದು ಜನ ಬಂದರು. ಒಂಬತ್ತು ಜನ ಅವರ ಹೆಂಡತಿಯ ತವರಿನವರು.

ಲಬೀಬರ ಕಥೆ ಕೇಳಿ ಅಬೂನಾರ ಗಡ್ಡ ಅರಳಿತು.

“ದೇವರೇ ಕಳಿಸಿದ್ದಾನೆ ನಿಮ್ಮನ್ನ! ಮನೆಮನೆಗೆ ಹೋಗಿ ಪಟ್ಟಿ ಮಾಡೋಕೆ ಆರು ತಿಂಗಳಿಂದ ಒಬ್ಬ ಸಿಗ್ಲಿಲ್ಲ ನನಗೆ. ನಿಮ್ಮ ಕಟ್ಟಡದಲ್ಲಿ ನಮ್ಮ ಧರ್ಮಕೇಂದ್ರದವರ ಮನೆ, ನಿಮ್ಮದು ಬಿಟ್ಟು, ಹನ್ನೊಂದಿವೆ. ತಗೊಳ್ಳಿ ಈ ಪುಸ್ತಕ. ಹೆಸರು, ಉದ್ಯೋಗ, ಮನೇಲಿ ಎಷ್ಟು ಜನ. ಈ ಕೊನೇ ಕಾಲಮ್ಮು ಮುಖ್ಯ. ಗುರುವಾರದ ಯುವಕರ ಸಭೆಗೆ ಬರಬಹುದಾದೋರು, ಮದುವೆ ಆಗ್ದೆ ಇರೋರು, ವಯಸ್ಸು, ಓದು. ಬರಿಗೈಲಿ ಹೋಗ್ಬೇಡಿ, ಶುಕ್ರವಾರದ ಪೂಜೆಯ ಕುರ್ಬಾನ್ ರೊಟ್ಟಿ ಒಂದೊಂದು ಕೊಡಿ. ನಿಮ್ಮ ಬಗ್ಗೆ ನಾಲ್ಕು ಒಳ್ಳೇ ಮಾತು ನೀವೇ ಆಡಿ ಬನ್ನಿ. ತಪ್ಪೇನಿಲ್ಲ.”

“ಮಗಳ ಸಂಬಂಧದ ವಿಷಯ…?”

“ಬಾಯಿ ಬಿಡ್ಬೇಡಿ! ಗಟ್ಟಿಯಾಗದ ಸಂಬಂಧದ ಮಾತು ಹೊರಗೆ ಬಿದ್ರೆ ದೃಷ್ಟಿ ತಗಲುತ್ತೆ.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇಬ್ಬರೂ ಸಂತೋಷದಿಂದ ಬೇರ್ಪಟ್ಟರು. ರೋಗ ಹರಡಿದ್ದು ಹೀಗೆ.

ಶುಕ್ರವಾರ ಲಬೀಬರು ನಿವೃತ್ತಿಯ ದಿನ ತೊಟ್ಟಿದ್ದ ನೀಲಿ ಸೂಟು ಹಾಕಿ, ಕೂದಲಿಗೆ ಎಣ್ಣೆ ಒತ್ತಿ, ರೊಟ್ಟಿಯ ಚೀಲ ಹಿಡಿದು ಎರಡನೇ ಅಂತಸ್ತಿಗೆ ಇಳಿದರು. ಅಲ್ಲಿ ಮಾರ್ಸೆಲ್ ಮೇಡಂ ಮತ್ತು ಅವರ ತಂಗಿ, ತೆರಿಗೆ ಕಚೇರಿಯ ವೆದಾದ್, ಇಬ್ಬರೇ ಇದ್ದರು. ಮಾರ್ಸೆಲ್ ಮೇಡಂ ಸೂಟು ನೋಡಿದರು, ರೊಟ್ಟಿ ನೋಡಿದರು, ಹಜಾರದ ದೀಪ ಹಾಕಿದರು.

“ಅಬೂನಾ ಕಳಿಸಿದ್ರು,” ಎಂದರು ಲಬೀಬರು.

“ಒಳ್ಳೇ ಕೆಲಸಕ್ಕೆ ಕಳಿಸೋರು ಯಾವಾಗ್ಲೂ ಅಬೂನಾನೇ. ಕೂತ್ಕೊಳ್ಳಿ.”

ಲಬೀಬರು ಪುಸ್ತಕ ಬಿಚ್ಚಿದರು. “ಮನೇಲಿ ಮದುವೆ ಆಗ್ದೆ ಇರೋರು ಯಾರಾದ್ರೂ…?”

ಮಾರ್ಸೆಲ್ ಮೇಡಂ ಒಳಗೆ ತಿರುಗಿ, ಹಡಗು ಕಂಡವರಂತೆ ಕೂಗಿದರು. “ವೆದಾದ್! ಚಹಾ ತಗೊಂಡ್ ಬಾ! ಚೆನ್ನಾಗಿರೋ ಲೋಟದಲ್ಲಿ!” ಆಮೇಲೆ ದನಿ ತಗ್ಗಿಸಿ, “ನನ್ನ ತಂಗಿ. ನಲವತ್ತೆಂಟು ಅಂದ್ರೆ ಯಾರೂ ನಂಬಲ್ಲ. ಸರಕಾರಿ ಕೆಲಸ. ಕೈಯಡುಗೆ ಅಂತೂ…”

ಲಬೀಬರು “೪೮” ಎಂದು ಬರೆದುಕೊಂಡರು. ಯುವಕರ ಸಭೆಗೆ ಇದು ಕೊಂಚ ಹೆಚ್ಚಾಯಿತೇನೋ ಎಂಬ ಸಂಶಯ ಬಂತು. ಆದರೆ ಪ್ರಾಯದ ಮಿತಿಯನ್ನು ಅಬೂನಾ ಹೇಳಿರಲಿಲ್ಲ, ನಕ್ಷೆ ಇಲಾಖೆಯಲ್ಲಿ ಹೇಳದ ಗಡಿಯನ್ನು ಯಾರೂ ಎಳೆಯುವುದಿಲ್ಲ. “ಯುವಕರ ಸಭೆ” ಎಂಬ ಎರಡು ಪದಗಳನ್ನು ಅವರು ಬಾಯಿಬಿಟ್ಟು ಆಡಲೂ ಇಲ್ಲ. ಅವನ್ನು ಕಾಲಮ್ಮಿನ ತಲೆಯ ಮೇಲೆ ಸ್ಪಷ್ಟವಾಗಿ ಬರೆಯಲಾಗಿತ್ತು. ಬರೆದದ್ದನ್ನು ಮತ್ತೆ ಹೇಳುವುದು ಅದೇ ಇಲಾಖೆಯಲ್ಲಿ ಅವಮಾನ.

ಈಗ ತಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು. “ನಾನು ಐದನೇ ಅಂತಸ್ತು. ಮನೆ ಸ್ವಂತದ್ದು. ಪಿಂಚಣಿ ಬರುತ್ತೆ. ಸಿಗರೇಟು ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಹಲ್ಲು ಎಲ್ಲಾ ನನ್ನವೇ.” ಸಾಕ್ಷಿಗಾಗಿ ತೋರಿಸಿದರು. “ಮಗಳು ಒಬ್ಬಳು. ಇವತ್ತಲ್ಲ ನಾಳೆ ಹೋಗೋಳೇ. ಆಮೇಲೆ ಅಷ್ಟು ದೊಡ್ಡ ಮನೇಲಿ ನಾನೊಬ್ಬನೇ.”

ಮಾರ್ಸೆಲ್ ಮೇಡಂ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ವೆದಾದ್ ಚಹಾ ತಂದಿಟ್ಟು, ಅತಿಥಿಯ ಹಲ್ಲುಗಳನ್ನು ತೆರಿಗೆ ಕಚೇರಿಯ ಕಣ್ಣಿನಿಂದ ನೋಡಿ, ಒಳಗೆ ಹೋದಳು.

ತಮ್ಮ ಎದುರುಮನೆಯ, ಬ್ಯಾಂಕ್ ನೌಕರ ಫಖ್ರಿಯವರ ಬಳಿಯೂ ಇದೇ ಪಾಠ ನಡೆಯಿತು. ಅವರಿಗೆ ಇಪ್ಪತ್ತಮೂರು ವರ್ಷದ ಯುಸ್ತೀನಾ ಎಂಬ ಮಗಳು.

“ಹುಡುಗಿಗೆ ಏನೇನು ಬರ್ಬೇಕು ಅಂತ ನಿಮ್ಮ ಅಪೇಕ್ಷೆ?” ಎಂದು ಫಖ್ರಿ ಬ್ಯಾಂಕಿನ ಎಚ್ಚರದಿಂದ ಕೇಳಿದರು.

“ಅಂಥದ್ದೇನಿಲ್ಲ. ಸ್ವಲ್ಪ ಹಾಡೋಕೆ ಬಂದ್ರೆ ಒಳ್ಳೇದು. ನಾಲ್ಕು ಜನರ ಜೊತೆ ಹೊಂದ್ಕೋಬೇಕು.”

“ಹುಡುಗ ಏನ್ಮಾಡ್ತಾನೆ?”

“ಯಾವ ಹುಡುಗ?” ಎಂದರು ಲಬೀಬರು, ನಿಜವಾದ ಆಶ್ಚರ್ಯದಿಂದ. ಆಮೇಲೆ ಹಲ್ಲು ತೋರಿಸಿ, ಮನೆ ಸ್ವಂತದ್ದು, ಸಕ್ಕರೆ ಕಾಯಿಲೆ ಇಲ್ಲ ಎಂದು ತಿಳಿಸಿ, ರೊಟ್ಟಿ ಕೊಟ್ಟು ಎದ್ದರು. ಫಖ್ರಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಅದಕ್ಕೆ ಒರಗಿ ನಿಂತಿದ್ದರಂತೆ.

ಎರಡು ಶುಕ್ರವಾರಗಳಲ್ಲಿ ಹನ್ನೊಂದು ಮನೆಗಳೂ ಮುಗಿದವು. ಲಬೀಬರಿಗೆ ಪುಸ್ತಕದ ಅಂದ ನೋಡಿ ಹೆಮ್ಮೆಯಾಯಿತು. ಒಂದೇ ಒಂದು ಗೆರೆ ಸೊಟ್ಟಗಿರಲಿಲ್ಲ.

ಈ ಮಧ್ಯೆ ಕಟ್ಟಡದಲ್ಲಿ ಹಿಂದೆಂದೂ ಆಗದ ಸಂಗತಿಗಳು ಆಗತೊಡಗಿದವು. ಮಾರ್ಸೆಲ್ ಮೇಡಂ ಮೊದಲ ಬಾರಿಗೆ ಮೂರು ಅಂತಸ್ತು ಹತ್ತಿ ಫಖ್ರಿಯವರ ಹೆಂಡತಿ ಸಾಮಿಯಾಳ ಬಾಗಿಲು ಬಡಿದರು. ನೆಪ, ಒಂದು ಹಿಡಿ ಜೀರಿಗೆ.

“ನಮ್ಮ ಮನೆಗೊಬ್ಬರು ಬಂದಿದ್ರು, ನಿಮ್ಮ ಎದುರುಮನೆಯೋರು…”

“ನೀಲೀ ಸೂಟಾ?” ಎಂದಳು ಸಾಮಿಯಾ.

“ಹಲ್ಲು?”

“ಎಲ್ಲಾ ಅವರವೇ!”

ಜೀರಿಗೆ ಮರೆತುಹೋಯಿತು. ಅರ್ಧ ಗಂಟೆಯಲ್ಲಿ ಮೂರನೇ ಅಂತಸ್ತಿನ ಇಬ್ಬರು ಬಂದರು, ಒಂದು ಗಂಟೆಯಲ್ಲಿ ಆರನೇ ಅಂತಸ್ತಿನವರೂ ಇಳಿದರು. ಒಬ್ಬರು ಕಡಲೆ ತಂದರು, ಒಬ್ಬರು ಕಿತ್ತಳೆ. ಮಾರನೇ ದಿನ ಸಭೆ ಮಾರ್ಸೆಲ್ ಮೇಡಂ ಮನೆಯಲ್ಲಿ, ಅದರ ಮಾರನೇ ದಿನ ಆರನೇ ಅಂತಸ್ತಿನಲ್ಲಿ. ನಾಲ್ಕು ವರ್ಷ ಲಿಫ್ಟಿನಲ್ಲಿ ತಮ್ಮ ಪಾದಗಳನ್ನೇ ನೋಡುತ್ತಿದ್ದ ಜನ ಈಗ ಒಬ್ಬರಿಗೊಬ್ಬರು ಬಾಗಿಲು ಹಿಡಿದು ನಿಲ್ಲಿಸಿ, “ನಿಮ್ಮಲ್ಲಿಗೂ ಬಂದಿದ್ರಾ?” ಎಂದು ಕೇಳುತ್ತಿದ್ದರು. ಹನ್ನೊಂದು ಮನೆಯಲ್ಲಿ ಹೆಣ್ಣು ಕೇಳಿದ ಅರವತ್ತೊಂದರ ವಿಧುರ! ಹದಿನೆಂಟರಿಂದ ನಲವತ್ತೆಂಟರ ತನಕ! ಗಂಡುಮಕ್ಕಳ ಹೆಸರನ್ನೂ ಬರೆದುಕೊಂಡನಲ್ಲ ಎಂದು ಯಾರೋ ಅಂದರು. ಅದು ಅನುಮಾನ ಬಾರದಿರಲೆಂದು ಮಾಡಿದ ಉಪಾಯ ಎಂದು ತೀರ್ಮಾನವಾಯಿತು.

ಕಾವಲುಗಾರ ಬಯ್ಯೂಮಿಯ ಹೇಳಿಕೆಯನ್ನೂ ಪಡೆಯಲಾಯಿತು.

“ನನ್ನನ್ನ ಸಯ್ಯದ್ ಅಂತಾರೆ,” ಎಂದ ಅವನು. “ಮನುಷ್ಯ ಕೆಟ್ಟೋರಲ್ಲ. ನಮ್ಮ ಹಬ್ಬಕ್ಕೂ ಕೊಡ್ತಾರೆ, ನಿಮ್ಮ ಹಬ್ಬಕ್ಕೂ ಕೊಡ್ತಾರೆ. ಸಯ್ಯದ್‌ಗೆ ಅಂತ್ಲೇ ಕೊಡ್ತಾರೆ. ನಾನು ಇಸ್ಕೋತೀನಿ.”

ಮೂರನೇ ಶುಕ್ರವಾರ ಪೂಜೆ ಮುಗಿದರೂ ಚರ್ಚಿನ ಅಂಗಳ ಖಾಲಿಯಾಗಲಿಲ್ಲ. ಹದಿನಾಲ್ಕನೇ ಕಟ್ಟಡದವರು ಗುಂಪುಗುಂಪಾಗಿ ನಿಂತು ಪಿಸುಗುಟ್ಟುತ್ತಿದ್ದರು. ಅವರೇನು ಮಾತಾಡುತ್ತಿದ್ದಾರೆಂದು ತಿಳಿಯಲು ಹದಿನೈದು, ಹದಿನಾರನೇ ಕಟ್ಟಡದವರೂ ನಿಂತರು. ಬಾಗಿಲಿಗೆ ಬಂದ ಅಬೂನಾ ಪಖೂಮರ ಕಣ್ಣಲ್ಲಿ ನೀರೇ ಬಂತು. ಅವರು ಮೆಟ್ಟಿಲ ಮೇಲೆ ನಿಂತು ಕೈಯೆತ್ತಿದರು.

“ಮಕ್ಕಳೇ! ಇದನ್ನೇ ನಾನು ಕೇಳ್ತಾ ಇದ್ದದ್ದು! ಇದಕ್ಕೆಲ್ಲ ಕಾರಣ ಒಬ್ಬರೇ, ಉಸ್ತಾಜ್ ಲಬೀಬ್. ಈ ವಯಸ್ಸಲ್ಲಿ ಎಂಥಾ ಹುರುಪು! ಒಂದು ಮನೇನೂ ಬಿಡ್ಲಿಲ್ಲ! ಪ್ರತಿ ಕಟ್ಟಡಕ್ಕೂ ಅವರಂಥೋರು ಒಬ್ಬರು ಬೇಕು!”

ಹದಿನೈದನೇ ಕಟ್ಟಡದ ಒಬ್ಬ ತಂದೆ ತನ್ನ ಇಬ್ಬರು ಹೆಣ್ಣುಮಕ್ಕಳ ಕೈ ಹಿಡಿದು ಗೇಟಿನತ್ತ ನಡೆದ. ಲಬೀಬರು ಮಾತ್ರ ತಲೆಬಾಗಿ, ಹಲ್ಲು ಬಿಟ್ಟು, ಎಲ್ಲರಿಗೂ ವಂದಿಸಿದರು.

ಇನ್ಸಾಫ್ ಅತ್ತೆ ಬಂದದ್ದು ಉಪವಾಸಕ್ಕೆ ಹನ್ನೊಂದು ದಿನ ಉಳಿದಿದ್ದಾಗ, ಗುರುವಾರ ಬೆಳಿಗ್ಗೆ ಹತ್ತಕ್ಕೆ. ಲಬೀಬರು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಕೆಳಗೆ ಕಪ್ಪು ಉಡುಪು, ಕಪ್ಪು ಕೈಚೀಲ, ಬಯ್ಯೂಮಿಯ ಮುಂದೆ ನಿಂತ ಆ ಭಂಗಿ ಕಂಡು ಕೈಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು.

ಮೊದಮೊದಲು ಧೈರ್ಯವಾಗೇ ಇದ್ದರು. ಹನ್ನೊಂದಕ್ಕೆ ಮೆಟ್ಟಿಲಲ್ಲಿ ಬಾಗಿಲುಗಳು ತೆರೆಯುವ, ಮುಚ್ಚುವ ಸದ್ದು. ಹನ್ನೆರಡಕ್ಕೆ ಮೂರನೇ ಅಂತಸ್ತಿನಿಂದ “ಹಲ್ಲು” ಎಂಬ ಮಾತು ಕಿವಿಗೆ ಬಿತ್ತು. ನನ್ನ ಆರೋಗ್ಯವನ್ನು ಹೊಗಳುತ್ತಿದ್ದಾರೆ ಎಂದುಕೊಂಡರು. ಒಂದಕ್ಕೆ ಎದುರುಮನೆಯಿಂದ ಫಖ್ರಿಯವರ ದನಿ ಏರಿತು. ಹೊಗಳಿಕೆಗೆ ಅಷ್ಟು ಏರಿದ ದನಿ ಯಾಕೆಂದು ಅವರಿಗೆ ಅರ್ಥವಾಗಲಿಲ್ಲ. ಎರಡಕ್ಕೆ ಇರೀನಿ ಶಾಲೆಯಿಂದ ಬಂದಳು. ಅವಳು ಅಲ್ಲಿ ಟೀಚರು. ಅವಳ ಮುಖ ಬಿಳುಚಿತ್ತು.

“ಅಪ್ಪಾ, ಮೆಟ್ಟಿಲ ಮೇಲೆ ಮೂವತ್ತು ಜನ ಇದ್ದಾರೆ. ನೀವೇನ್ ಮಾಡಿದ್ರಿ?”

ಕರೆಗಂಟೆ ಹೊಡೆಯಿತು. ಮುಂದೆ ಇನ್ಸಾಫ್ ಅತ್ತೆ. ಹಿಂದೆ ಮಾರ್ಸೆಲ್ ಮೇಡಂ, ವೆದಾದ್, ಫಖ್ರಿ, ಸಾಮಿಯಾ, ಹನ್ನೊಂದು ಮನೆಯ ಸಮಸ್ತರು. ಕೊನೆಯಲ್ಲಿ ಬಯ್ಯೂಮಿ, ಕೈಯಲ್ಲಿ ಬಟ್ಟೆಯ ಕ್ಲಿಪ್ಪು. ಎಲ್ಲರೂ ಒಳಗೆ ಬಂದರು. ಅತ್ತೆ ಕುಳಿತರು. ಉಳಿದವರು ಗೋಡೆಗೆ ನಿಂತರು.

“ಉಸ್ತಾಜ್ ಲಬೀಬ್,” ಎಂದರು ಅತ್ತೆ, “ನಿಮಗೆ ಮದುವೆ ವಯಸ್ಸಿನ ಮಗ ಇದ್ದಾನಾ?”

“ಇಲ್ಲ.”

“ಅಣ್ಣತಮ್ಮಂದಿರ ಮಕ್ಕಳು?”

“ನಾನೊಬ್ಬನೇ ಮಗ.”

“ಅಂದ್ರೆ ಗಂಡು ನೀವೇ ಅಂತಾಯ್ತು.”

“ಏನು ಗಂಡು?”

“ನನ್ನ ಮಗಳಿಗೆ ಇಪ್ಪತ್ತಮೂರು ವರ್ಷ ರೀ!” ಎಂದು ಫಖ್ರಿ ಸಿಡಿದರು.

“ಗೊತ್ತು,” ಎಂದರು ಲಬೀಬರು ವಿನಯದಿಂದ. “ಬರ್ಕೊಂಡಿದ್ದೀನಲ್ಲ.”

ಗೋಡೆಯುದ್ದಕ್ಕೂ ಒಂದು ಗೊಣಗು ಹರಿಯಿತು. “ಅಪ್ಪಾ!” ಎಂದ ಇರೀನಿಯ ದನಿ ಒಡೆದಿತ್ತು. ಆ ದನಿ ಕೇಳಿದ ಮೇಲೆ ಲಬೀಬರಿಗೆ ಏನೋ ತಪ್ಪಾಗಿದೆ ಎಂದು ಹೊಳೆಯಿತು. ತಪ್ಪು ಏನೆಂದು ಇನ್ನೂ ಹೊಳೆದಿರಲಿಲ್ಲ. ಬೇರೇನೂ ತೋಚದೆ ಒಳಗೆ ಹೋಗಿ ಪುಸ್ತಕ ತಂದು ಅತ್ತೆಯ ಕೈಗಿತ್ತರು.

ಅತ್ತೆ ಕೈಚೀಲದಿಂದ ಕನ್ನಡಕ ತೆಗೆದು, ಒರೆಸಿ, ಏರಿಸಿ, ಕಾಲಮ್ಮಿನ ತಲೆಯ ಮೇಲಿನ ಸಾಲನ್ನು ಗಟ್ಟಿಯಾಗಿ ಓದಿದರು. “ಗುರುವಾರದ ಯುವಕರ ಸಭೆಗೆ ಬರಬಹುದಾದವರು.” ಕೆಳಗೆ ಅಬೂನಾರ ಸಹಿ, ಚರ್ಚಿನ ಮೊಹರು. ಅತ್ತೆ ಮೊದಲ ಹೆಸರನ್ನೂ ಓದಿದರು. “ವೆದಾದ್. ನಲವತ್ತೆಂಟು.”

ಮಾರ್ಸೆಲ್ ಮೇಡಂ ತಂಗಿಯ ತೋಳು ಹಿಡಿದರು. ವೆದಾದ್ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

“ಈ ಮನುಷ್ಯ ನನಗೆ ಬೇಡ ಅಂತ ಮೊದಲ ದಿನವೇ ಹೇಳಿದ್ದೆ ಅಕ್ಕಾ, ನೀನು ಕೇಳ್ಲಿಲ್ಲ,” ಎಂದಳು. ಆಮೇಲೆ ಲಬೀಬರತ್ತ ತಿರುಗಿ, “ಸಭೆ ಎಷ್ಟು ಗಂಟೆಗೆ?”

“ಆರಕ್ಕೆ,” ಎಂದರು ಲಬೀಬರು.

ಮೊದಲು ನಕ್ಕವಳು ಸಾಮಿಯಾ. ಆಮೇಲೆ ಯಾರು ಯಾರು ಎಂದು ಹೇಳುವಂತಿರಲಿಲ್ಲ. ಫಖ್ರಿ ಮಾತ್ರ ನಗಲಿಲ್ಲ, ಅವರು ಮೂರು ವಾರದಿಂದ ಸರಿಯಾಗಿ ಮಲಗಿರಲಿಲ್ಲ. ನಗು ಇಳಿದ ಮೇಲೆ ಲಬೀಬರು ಅತ್ತೆಯ ಮುಂದೆ ನಿಂತರು.

“ನಾನು ನಿಮಗೆ ಸುಳ್ಳು ಹೇಳಿದ್ದೆ ತಾಯಿ. ಇಲ್ಲಿ ನನಗೆ ಒಬ್ಬರೂ ಗೊತ್ತಿರ್ಲಿಲ್ಲ. ನೀವು ಬಂದಾಗ ನಮ್ಮನ್ನು ಬಲ್ಲೆ ಅನ್ನೋರು ಯಾರಾದ್ರೂ ಇರ್ಲಿ ಅಂತ ಮನೆಮನೆ ಸುತ್ತಿದೆ. ಇದರಲ್ಲಿ ನನ್ನ ಮಗಳದ್ದು ಏನೂ ತಪ್ಪಿಲ್ಲ. ಅವಳನ್ನ ನನ್ನ ಲೆಕ್ಕಕ್ಕೆ ಸೇರಿಸ್ಬೇಡಿ.”

“ಸುಳ್ಳು ಅಂತ ಅವತ್ತೇ ಗೊತ್ತಾಗಿತ್ತು,” ಎಂದರು ಅತ್ತೆ ಕನ್ನಡಕ ಮಡಚುತ್ತ. “ಈಗ ಕೂತ್ಕೊಂಡು ನನ್ನ ಮಾತು ಕೇಳಿ. ನಲವತ್ತು ವರ್ಷದಿಂದ ನಾನು ಜನರ ಮನೆತನ ವಿಚಾರಿಸ್ತಾ ಇದ್ದೀನಿ. ನೆರೆಹೊರೆಯೋರು ಒಳ್ಳೇದು ಹೇಳ್ತಾರೆ. ಯಾಕೆ ಹೇಳ್ತಾರೆ? ನಾಳೆ ಅವರ ಮುಖ ನೋಡ್ಬೇಕಲ್ಲ. ಅದನ್ನ ಅರ್ಧ ಕಳೆದು ಲೆಕ್ಕ ಹಾಕ್ಬೇಕು. ಆದ್ರೆ ಇವತ್ತು ನನಗೆ ಸಿಕ್ಕಿದ್ದು ಕೋಪದಲ್ಲಿರೋ ಹನ್ನೊಂದು ಮನೆ! ಕೋಪ ಬಂದೋರು ಏನನ್ನೂ ಮುಚ್ಚಿಡಲ್ಲ. ಕುಡೀತಾರಾ ಅಂದೆ. ಇಲ್ಲ ಅಂದ್ರು, ಬೇಜಾರಲ್ಲಿ. ಕೂಗಾಡ್ತಾರಾ ಅಂದೆ. ಗೋಡೆ ತೆಳ್ಳಗಿದೆ, ಇದ್ದಿದ್ರೆ ಕೇಳಿಸ್ತಿತ್ತು ಅಂದ್ರು ಇವರು.” ಫಖ್ರಿ ಮುಖ ತಿರುಗಿಸಿದರು. “ಸಾಲ? ಇಲ್ಲ. ಜಗಳ? ಇಲ್ಲ. ನಾಯಿ? ಇಲ್ಲ. ಹುಡುಗಿ ಹೇಗೆ? ಪಾಪ, ಅಂಥಾ ಹುಡುಗಿಗೆ ಇಂಥಾ ಅಪ್ಪ! ಹನ್ನೊಂದು ಮನೆ ಸೇರಿ, ನಾಲ್ಕು ಗಂಟೆ ಕೆದಕಿ, ನಿಮ್ಮ ಮೇಲೆ ಹೊರಿಸೋಕೆ ಸಿಕ್ಕಿದ್ದು ಒಂದೇ ಒಂದು ಅಪವಾದ. ಅದೂ ನಿಜ ಅಲ್ಲ. ಇಡೀ ಶುಬ್ರಾದಲ್ಲಿ ಇಷ್ಟು ಚೊಕ್ಕ ಮನೆತನ ನಾನು ಕಂಡಿಲ್ಲ.”

ಇರೀನಿ ಅಳುತ್ತ ನಗತೊಡಗಿದಳು. ಸಾಮಿಯಾ ಅವಳನ್ನು ತಬ್ಬಿಕೊಂಡಳು. ಮಾರ್ಸೆಲ್ ಮೇಡಂ ಯಾರನ್ನೂ ಕೇಳದೆ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟರು.

“ಹಾಗಾದ್ರೆ ಟಾಂಟಾದ ಹುಡುಗಿ?” ಎಂದು ಲಬೀಬರು ತಡವರಿಸಿದರು.

“ಯಾವ ಟಾಂಟಾ?” ಎಂದರು ಅತ್ತೆ. “ಟಾಂಟಾದಲ್ಲಿ ನನಗೆ ಯಾರೂ ಗೊತ್ತಿಲ್ಲ.”

ಉಪವಾಸ ಸೋಮವಾರ ಶುರುವಾಯಿತು. ಅದರ ಹಿಂದಿನ ಶನಿವಾರ ಇರೀನಿ ಮತ್ತು ಬೀಶೋಯ್ ಉಂಗುರ ಬದಲಾಯಿಸಿಕೊಂಡರು. ಹನ್ನೊಂದು ಮನೆಯವರೂ ಬಂದು ಊಟ ಮಾಡಿಕೊಂಡು ಹೋದರು.